ಹೂಂಗುಟ್ಟಪ್ಪನ ಸ್ವಿಚ್ಚು

ಸ್ವಿಚ್ಚು ಅಂದರೆ ಗೋಡೆಯ ಮೇಲೆ ಟಕ್ಕೆಂದು ಒತ್ತುವ ಸ್ವಿಚ್ಚಲ್ಲ, ಇದು ಮೊದಲೇ ತಿಳಿದಿರಲಿ. ಇದು ಬೇರೆ ಜಾತಿ. ಬಿಸ್ಕತ್ತಿನ ಡಬ್ಬಿಯನ್ನು ಯಾರೋ ತುಳಿದು ಚಪ್ಪಟೆ ಮಾಡಿದಂಥ ಪೆಟ್ಟಿಗೆ. ಮುಂದುಗಡೆ ಸಾಲಾಗಿ ತೂತುಗಳು, ತೂತಿಗೊಂದು ವೈರು, ವೈರಿನ ಪಕ್ಕದಲ್ಲಿ ಮಿಣಮಿಣ ಅನ್ನುವ ಹಸಿರು ದೀಪ. ಬಸ್ ನಿಲ್ದಾಣದ ಮೆಟ್ಟಿಲ ಕೆಳಗೆ, ಬಗ್ಗಿ ಒಳಗೆ ಹೋಗಬೇಕಾದ ಕೋಣೆಯಲ್ಲಿ ಅದು ಕೂತಿತ್ತು. ಟಿಕೆಟ್ ಕೌಂಟರುಗಳು, ಯಾವ ಬಸ್ಸು ಯಾವ ಅಂಕಣಕ್ಕೆ ಬರುತ್ತದೆಂದು ತೋರಿಸುವ ಬೋರ್ಡುಗಳು, ಪ್ರಕಟಣೆಯ ಮೈಕು, ಕ್ಯಾಮೆರಾಗಳು, ಎಲ್ಲದರ ಜುಟ್ಟೂ ಅದರ ಕೈಯಲ್ಲಿ. ಅದು ಸುಮ್ಮನಾದರೆ ನಿಲ್ದಾಣಕ್ಕೆ ನಿಲ್ದಾಣವೇ ಮೂಕ.

ಆ ಕೋಣೆಯ ಒಡತಿ ಕಂಪ್ಯೂಟರಮ್ಮ. ಹೆತ್ತವರಿಟ್ಟ ಹೆಸರು ಸಂಬಳದ ಚೀಟಿಯಲ್ಲಿ ಮಾತ್ರ ಉಳಿದಿತ್ತು. ಡ್ರೈವರುಗಳಿಂದ ಹಿಡಿದು ಕಸ ಗುಡಿಸುವವರ ತನಕ ಎಲ್ಲರಿಗೂ ಆಕೆ ಕಂಪ್ಯೂಟರಮ್ಮನೇ. ಗಟ್ಟಿ ಹೆಂಗಸು. ಮಾತು ಇನ್ನೂ ಗಟ್ಟಿ. ಬಗ್ಗಿ ಬಗ್ಗಿ ಆ ಕೋಣೆಗೆ ಹೋಗಿಬಂದು ಸೊಂಟ ಹಿಡಿದಿತ್ತೇ ಹೊರತು, ಯಾರ ಮುಂದೂ ತಲೆ ಬಗ್ಗಿಸಿ ಅಭ್ಯಾಸವಿರಲಿಲ್ಲ. ಈ ತಿಂಗಳು ಕಳೆದರೆ ಆಕೆಗೆ ನಿವೃತ್ತಿ. ಹಿಂದಿನ ದಿನ ಮ್ಯಾನೇಜರು ಕರೆದು ನೇರವಾಗಿ ಕೇಳಿದ್ದರು.

"ನಿಮ್ಮ ನಂತರ ಆ ಕೋಣೆ ಯಾರಿಗಮ್ಮಾ? ನಾಳೆ ಸಂಜೆಯೊಳಗೆ ಒಂದು ಹೆಸರು ಹೇಳಿ. ಹೇಳದಿದ್ರೆ ಹೊರಗಿನ ಕಂಪನಿಗೆ ಕೊಟ್ಟು ಕೈ ತೊಳ್ಕೋತೀನಿ."

ಹೆಸರು ಆಕೆಯ ನಾಲಿಗೆಯ ತುದಿಯಲ್ಲೇ ಇತ್ತು, ಆದರೆ ಅಲ್ಲಿಂದ ಈಚೆಗೆ ಬರುತ್ತಿರಲಿಲ್ಲ. ಯಾಕೆಂದರೆ ಆ ಹೆಸರು ಅಳಿಯಂದಿರದ್ದು.

ಅಳಿಯ ಕೆಲಸಗಾರ, ಅದರಲ್ಲಿ ಎರಡು ಮಾತಿಲ್ಲ. ಆ ಸ್ವಿಚ್ಚನ್ನು ಗುತ್ತಿಗೆಗೆ ತೆಗೆದುಕೊಂಡು ಕೂರಿಸಿದವನೇ ಅವನು. ವೈರನ್ನು ಕೈಯಲ್ಲಿ ಹಿಡಿದರೆ ಅದರ ಇನ್ನೊಂದು ತುದಿ ಎಲ್ಲಿದೆಯೆಂದು ಹೇಳುವಷ್ಟು ಹಿಡಿತ. ಈ ಕೋಣೆ ಸಿಕ್ಕರೆ, ಏಣಿ ಹೆಗಲಿಗೇರಿಸಿಕೊಂಡು ಅಂಗಡಿಯಿಂದ ಅಂಗಡಿಗೆ ಕ್ಯಾಮೆರಾ ಕೂರಿಸುತ್ತ ತಿರುಗುವುದು ತಪ್ಪುತ್ತಿತ್ತು. ಅವನಿಗೆ ಅದು ಬೇಕೇ ಬೇಕಿತ್ತು. ಬಾಯಿ ಬಿಟ್ಟು ಕೇಳಿರಲಿಲ್ಲ, ಅಷ್ಟೇ. ಕೇಳುವುದೆಲ್ಲಿಂದ ಬಂತು? ಆ ಪ್ರಾಣಿಗೆ ಗೊತ್ತಿದ್ದದ್ದು ಒಂದೇ ಶಬ್ದ: ಹೂಂ.

ಯಾರು ಏನು ಕೇಳಿದರೂ ಹೂಂ. ಪಕ್ಕದ ಮನೆಯವರು ನಾಳೆ ಬೆಳಿಗ್ಗೆ ಸ್ಕೂಟರ್ ಕೊಡ್ತೀರಾ ಅಂದರೆ ಹೂಂ. ಅದೇ ಬೆಳಿಗ್ಗೆಗೆ ಎದುರು ಮನೆಯವರು ಕೇಳಿದರೆ ಅವರಿಗೂ ಹೂಂ. ಆಮೇಲೆ ಇಬ್ಬರೂ ಗೇಟಿನ ಹತ್ತಿರ ನಿಂತು ಕಿತ್ತಾಡುತ್ತಿದ್ದರೆ, ಇವನು ಒಳಗೆ ಬಚ್ಚಲಲ್ಲಿ ನಲ್ಲಿ ಬಿಟ್ಟುಕೊಂಡು ಕೂತಿರುತ್ತಿದ್ದ. ನಿಲ್ದಾಣದವರು ಅವನಿಗೆ ಹೂಂಗುಟ್ಟಪ್ಪ ಎಂದೇ ಹೆಸರಿಟ್ಟಿದ್ದರು. ಕಂಪ್ಯೂಟರಮ್ಮನ ಕಿವಿಗೂ ಅದು ಬಿದ್ದಿತ್ತು. ಬಾಯಿ ಮುಚ್ಚಿಸಬಹುದಿತ್ತು, ಮುಚ್ಚಿಸಲಿಲ್ಲ. ಹೆಸರು ಅಷ್ಟು ಸರಿಯಾಗಿ ಹೊಂದುತ್ತಿತ್ತು.

ಆಕೆಯ ಲೆಕ್ಕ ಇಷ್ಟೇ: ಆ ಕೋಣೆಯಲ್ಲಿ ಕೂರುವವನಿಗೆ ಕೆಲಸ ಬಂದರೆ ಸಾಲದು, 'ಆಗಲ್ಲ' ಅನ್ನಲೂ ಬರಬೇಕು. ಕೌಂಟರಿನವರು ಇವತ್ತೇ ಬೇಕು ಅಂತಾರೆ, ಮ್ಯಾನೇಜರು ಈಗಲೇ ಬೇಕು ಅಂತಾರೆ. ಎಲ್ಲರಿಗೂ ತಲೆಯಾಡಿಸುತ್ತ ಹೋದರೆ ಆ ಪೆಟ್ಟಿಗೆಯ ಹೊಟ್ಟೆಯೊಳಗೆ ಏನಿದೆಯೆಂದು ದೇವರಿಗೂ ಗೊತ್ತಾಗುವುದಿಲ್ಲ. ಮಗಳ ಗಂಡ ಅನ್ನುವ ಒಂದೇ ಕಾರಣಕ್ಕೆ ಹೆಸರು ಹೇಳಿ, ನಾಳೆ ನಾಲ್ಕು ಜನ 'ಅತ್ತೆ ಕೂರಿಸಿದ ಅಳಿಯ' ಎಂದು ಆಡಿಕೊಳ್ಳುವಂತೆ ಮಾಡುವ ಜಾಯಮಾನ ಆಕೆಯದಲ್ಲ.

ಮ್ಯಾನೇಜರು ಕೇಳಿದ ಮಾರನೇ ಬೆಳಿಗ್ಗೆ ಇನ್ನೊಂದು ಗಡಿಬಿಡಿ ಇತ್ತು. ನಿಲ್ದಾಣದ ಹಳೆಯ ಕರೆಂಟ್ ಬೋರ್ಡು ಕಿತ್ತು ಹೊಸದು ಹಾಕಲು ಕರೆಂಟಿನವನು ಬಂದಿದ್ದ. ಕೆಲಸ ಮುಗಿಯುವ ತನಕ ಕರೆಂಟಿಲ್ಲ. ಇಷ್ಟು ದಿನ ಕರೆಂಟು ಹೋದಾಗ ಸ್ವಿಚ್ಚನ್ನು ಎಚ್ಚರವಾಗಿಟ್ಟಿದ್ದ ಬ್ಯಾಟರಿಗಳೋ, ಮೊನ್ನೆಯಷ್ಟೇ ಊದಿಕೊಂಡು ಸತ್ತಿದ್ದವು. ಅಂದರೆ ಸ್ವಿಚ್ಚು ಇವತ್ತು ಮಲಗಿ ಏಳಬೇಕು.

ಮಲಗಿ ಏಳುವುದರಲ್ಲೇ ಇರುವುದು ಎಲ್ಲ ಗುಟ್ಟು. ಈ ಪೆಟ್ಟಿಗೆಗೆ ಎರಡು ನೆನಪು. ಒಂದು, ಈಗ ಓಡುತ್ತಿರುವುದು. ಅದನ್ನು ರನ್ನಿಂಗ್ ಅನ್ನುತ್ತಾರೆ. ಯಾವ ತೂತು ತೆರೆದಿರಬೇಕು, ಯಾವುದು ಮುಚ್ಚಿರಬೇಕು, ಯಾವ ವೈರು ಯಾವ ಗುಂಪಿಗೆ ಎಂದು ನೀವು ಹೇಳಿದ್ದನ್ನೆಲ್ಲ ಅದು ಕೇಳಿಕೊಂಡು ತಕ್ಷಣ ಹಾಗೇ ನಡೆದುಕೊಳ್ಳುತ್ತದೆ. ಆದರೆ ಕರೆಂಟು ಹೋಯಿತೋ, ಎಲ್ಲ ಮರೆತುಹೋಯಿತು. ಇನ್ನೊಂದು ಸ್ಟಾರ್ಟಪ್: ಎದ್ದ ಕೂಡಲೇ ಓದಿಕೊಳ್ಳಲೆಂದು ಒಳಗೆ ಬರೆದಿಟ್ಟದ್ದು. ಓಡುತ್ತಿರುವುದನ್ನು ಬರೆದಿಟ್ಟದ್ದರ ಮೇಲೆ ನಕಲು ಮಾಡಿದರೆ ಮಾತ್ರ ಅದು ಸೇವ್ ಆದಂತೆ. ಒಂದು ಸಾಲು ಟೈಪು ಮಾಡಿ ಎಂಟರ್ ಒತ್ತುವ ಕೆಲಸ. ಅಷ್ಟು ಸಣ್ಣದಾದ್ದರಿಂದಲೇ ಜನ ಮರೆಯುವುದು.

ಅಳಿಯ ಲ್ಯಾಪ್‌ಟಾಪ್ ಚೀಲ ತಬ್ಬಿಕೊಂಡು ಬಗ್ಗಿ ಒಳಗೆ ಬಂದ. ಕಂಪ್ಯೂಟರಮ್ಮ ಸ್ಟೂಲಿನ ಮೇಲೆ ಕೂತಿದ್ದರು.

"ಬನ್ನಿ. ತಿಂಡಿ ಆಯ್ತಾ?"

"ಹೂಂ ಅತ್ತೆ."

"ಸ್ವಿಚ್ಚು ಸೇವ್ ಆಗಿದೆಯಾ?"

"ಹೂಂ ಅತ್ತೆ."

ಎರಡೂ ಹೂಂ ಒಂದೇ ತೂಕದವು. ಆಕೆಯ ಕಿವಿ ನೆಟ್ಟಗಾಯಿತು.

"ತಿಂಡಿ ಏನು ತಿಂದ್ರಿ?"

"ಅದು... ಇನ್ನೂ ತಿಂದಿಲ್ಲ."

"ಹಾಗಾದ್ರೆ ಸ್ವಿಚ್ಚಿನದ್ದೂ ಅದೇ ಕಥೆ. ತೆಗೀರಿ, ನೋಡೋಣ."

ಕೇಬಲ್ ಸಿಕ್ಕಿಸಿ, ಪಾಸ್‌ವರ್ಡ್ ಹೊಡೆದು, ಓಡುತ್ತಿರುವುದನ್ನೂ ಬರೆದಿಟ್ಟದ್ದನ್ನೂ ಅಕ್ಕಪಕ್ಕ ತೆರೆದು ತೋರಿಸಿದ. ಕಂಪ್ಯೂಟರಮ್ಮ ಕನ್ನಡಕ ಮೇಲೇರಿಸಿ ನೋಡಿದರು. ಬರೆದಿಟ್ಟದ್ದು ಯಾವ ಕಾಲದ್ದೋ. ಅದರಲ್ಲಿ ಹೊಸ ಅಂಕಣಗಳೇ ಇರಲಿಲ್ಲ. ಈಗ ಬೋರ್ಡುಗಳಿಗೆ ಹೋಗುವ ತೂತುಗಳೆಲ್ಲ ಅದರಲ್ಲಿ ಮುಚ್ಚಿದ್ದವು, ಪ್ರಕಟಣೆಯ ಮೈಕಿನ ಸುದ್ದಿಯೇ ಇಲ್ಲ. ಕರೆಂಟು ಹೋಗಿ ಬಂದಿದ್ದರೆ ನಿಲ್ದಾಣ ಅರ್ಧಕ್ಕೆ ಅರ್ಧ ಕುರುಡಾಗಿ ಏಳುತ್ತಿತ್ತು.

"ಅಳಿಯಂದಿರೇ," ಅಂದರು. ಕೋಪ ಬಂದಷ್ಟೂ ಆಕೆಯ ಬಾಯಲ್ಲಿ ಮರ್ಯಾದೆ ಹೆಚ್ಚುತ್ತಿತ್ತು. "ದಯವಿಟ್ಟು ಇದೇನು ಅಂತ ತಾವು ಹೇಳ್ತೀರಾ?"

"ಅದು ನಾನು ಕೆಲಸ ಮಾಡೋ ಕ್ರಮ ಅತ್ತೆ," ಅಂದ ಅವನು ನೆಲ ನೋಡುತ್ತ. "ಏನಾದ್ರೂ ಬದಲಾಯಿಸಿದ ಕೂಡಲೇ ಸೇವ್ ಮಾಡಲ್ಲ. ಒಂದು ದಿನ ಓಡಲಿ ಅಂತ ಬಿಡ್ತೀನಿ. ಎಡವಟ್ಟಾದ್ರೆ ಪ್ಲಗ್ ಕಿತ್ತು ಹಾಕಿದ್ರಾಯ್ತು, ಮೊದಲು ಹೇಗಿತ್ತೋ ಹಾಗೇ ಎದ್ದು ಕೂರುತ್ತೆ."

"ಕ್ರಮ ಚೆನ್ನಾಗೇ ಇದೆ. ಮಾರನೇ ದಿನ ಬಂದು ಸೇವ್ ಮಾಡಬೇಕಲ್ಲ, ಅದೆಲ್ಲಿ ಹೋಯ್ತು?"

"ಮಾರನೇ ದಿನ ಬಂದಾಗ ಕೌಂಟರಿನವರು ಇನ್ನೊಂದು ಬದಲಾವಣೆ ಕೇಳ್ತಿದ್ರು."

"ನೀವು?"

ಅವನು ಏನಂದಿರುತ್ತಾನೆಂದು ಕೇಳಬೇಕಾಗಿಯೇ ಇರಲಿಲ್ಲ. ಕೌಂಟರಿನವರಿಗೆ ಒಂದು ಹೂಂ, ಬೋರ್ಡಿನವರಿಗೆ ಒಂದು ಹೂಂ, ಕ್ಯಾಮೆರಾದವರಿಗೆ ಒಂದು ಹೂಂ. ಒಂದನ್ನು ಪರೀಕ್ಷಿಸಿ ಮುಗಿಸುವ ಮೊದಲೇ ಅದರ ಮೇಲೆ ಇನ್ನೊಂದು. ಹೀಗೆ ಸೇವ್ ಆಗದ ಹೂಂಗಳ ದೊಡ್ಡ ರಾಶಿ ಆ ಪೆಟ್ಟಿಗೆಯ ತಲೆಯೊಳಗೆ ಕೂತಿತ್ತು, ಬೇರೆಲ್ಲೂ ಇರಲಿಲ್ಲ. ಒಂದೇ ಒಂದು ನಕಲೂ ಇರಲಿಲ್ಲ.

ಅಷ್ಟರಲ್ಲಿ ಓಣಿಯ ಕೊನೆಯಿಂದ ಕರೆಂಟಿನವನ ದನಿ ಬಂತು. "ಕರೆಂಟ್ ಇಳಿಸ್ಲಾ?"

"ಏನನ್ನ ಇಳಿಸ್ತೀಯೋ?" ಕಂಪ್ಯೂಟರಮ್ಮ ಕೂತಲ್ಲಿಂದಲೇ ಕೂಗಿದರು. "ದೂರದೂರಿನ ಬಸ್ಸುಗಳು ಹೊರಟ ಮೇಲೆ ಅಂತ ತಾನೇ ಮಾತಾಗಿದ್ದು?"

"ನಂಗೆ ಹಾಗೆ ಯಾರೂ ಹೇಳಿಲ್ಲಮ್ಮಾ! ಬಂದ ಕೂಡಲೇ ಇಳಿಸಬಹುದಾ ಅಂತ ನಿಮ್ಮ ಅಳಿಯಂದ್ರನ್ನ ಕೇಳ್ದೆ. ಹೂಂ ಅಂದ್ರು."

"ಮ್ಯಾನೇಜರಿಗೆ ಏನಂದ್ರಿ?" ಅಳಿಯನ ಕಡೆ ತಿರುಗಿದರು.

"ಬಸ್ಸು ಹೊರಟ ಮೇಲೆ ಅಂದ್ರು ಅವರು. ಹೂಂ ಅಂದೆ."

"ನಾನು ನೋಡಿದ ಮೇಲೇ ಇಳಿಸಬೇಕು ಅಂತ ನಿನ್ನೆ ಫೋನಲ್ಲಿ ಹೇಳಿದ್ನಲ್ಲ ನಾನು?"

"ಅದಕ್ಕೂ..." ಅವನ ಮುಖ ಒಗೆದ ಬಟ್ಟೆಯ ಹಾಗಾಗಿತ್ತು.

ಕಂಪ್ಯೂಟರಮ್ಮನ ನೆತ್ತಿ ಕಾದುಹೋಯಿತು. ಇವನ ಹೆಸರನ್ನು ಸಂಜೆ ಮ್ಯಾನೇಜರಿಗೆ ಹೇಳುವುದೇ? ಅದಕ್ಕಿಂತ ಕೋಣೆಗೆ ಬೀಗ ಹಾಕಿ ಬೀಗದ ಕೈಯನ್ನು ಚರಂಡಿಗೆ ಎಸೆಯುವುದು ವಾಸಿ. ಹೋಗಲಿ ಕಂಪನಿಗೆ, ಹೋಗಲಿ ಯಾರಿಗಾದರೂ! ಹಾಗೆಂದು ಮನಸ್ಸಿನಲ್ಲೇ ತೀರ್ಮಾನವನ್ನೂ ಮಾಡಿಬಿಟ್ಟರು.

"ಸರೀರಿ ಆಚೆ," ಅಂದರು. "ಕೀಬೋರ್ಡು ಇಲ್ಲಿ ಕೊಡಿ. ಒಂದು ಸಾಲು ಟೈಪ್ ಮಾಡೋಕೆ ಒಂದು ವಂಶವೇ ಬೇಕಾಗಿಲ್ಲ."

ಲ್ಯಾಪ್‌ಟಾಪನ್ನು ಮೊಣಕಾಲ ಮೇಲೆ ಎಳೆದುಕೊಂಡರು. ಓಣಿಯ ಕಡೆಯಿಂದ ಮತ್ತೆ "ಬೇಗ ಅಮ್ಮಾ, ಆಳುಗಳು ಕಾಯ್ತಿದಾರೆ, ಕೈ ಹಾಕ್ಲಾ?" ಎಂಬ ಕೂಗು. ಆಕೆ "ಒಂದ್ನಿಮಿಷ ಇರಯ್ಯಾ, ರೈಲೇನು ತಪ್ಪಿಹೋಗಲ್ಲ!" ಎಂದು ಗದರುತ್ತಲೇ ಟೈಪು ಮಾಡಿದರು. ಬೆರಳು ಸರಸರ ಓಡಿತು. ಈ ಬೆರಳುಗಳು ಪಳಗಿದ್ದು ಈ ಪೆಟ್ಟಿಗೆಯ ಮೇಲಲ್ಲ. ಇದಕ್ಕೂ ಮುಂಚೆ ನಿಲ್ದಾಣದಲ್ಲಿದ್ದ, ಬೀರುವಿನಷ್ಟು ದೊಡ್ಡ ಟಿಕೆಟ್ ಯಂತ್ರದ ಮೇಲೆ. ಆಕೆ ಅದರ ಮುಂದೆ ಕೂತೇ ತಲೆ ನರೆಸಿಕೊಂಡವರು. ಆ ಯಂತ್ರದಲ್ಲಿ ನಕಲು ಮಾಡಬೇಕಾದರೆ ಮೊದಲು ಎಲ್ಲಿಗೆ ಎಂದು ಬರೆಯಬೇಕು, ಆಮೇಲೆ ಎಲ್ಲಿಂದ. ಸ್ವಿಚ್ಚಿನದು ತದ್ವಿರುದ್ಧ: ಮೊದಲು ಎಲ್ಲಿಂದ, ಆಮೇಲೆ ಎಲ್ಲಿಗೆ. ಆಕೆಗೆ ಇದು ಗೊತ್ತಿಲ್ಲದ್ದೇನಲ್ಲ, ಚೆನ್ನಾಗಿಯೇ ಗೊತ್ತಿತ್ತು. ಆದರೆ ಕೋಪದಲ್ಲಿದ್ದಾಗ ಬೆರಳು ಮೊದಲು ಕಲಿತದ್ದನ್ನೇ ಬರೆಯುತ್ತದೆ. ಪರದೆಯ ಮೇಲೆ ಬಿದ್ದದ್ದು: ಕಾಪಿ, ಸ್ಟಾರ್ಟಪ್, ರನ್ನಿಂಗ್.

ಅಂದರೆ ಆ ಮಾಸಲು ಹಳೆಯದನ್ನು ತಂದು, ಓಡುತ್ತಿರುವ ಹೊಸದರ ಮೇಲೆ ಸುರಿ ಎಂದು.

ಬೆರಳು ಎಂಟರಿನ ಮೇಲೆ ಬಂತು.

"ಬೇಡಾ! ಕೈ ತೆಗಿ!"

ಆ ಪುಟ್ಟ ಕೋಣೆಯ ಗೋಡೆಗಳು ಗುಂಯ್ ಅಂದವು. ಆಕೆಯ ಮಣಿಕಟ್ಟನ್ನು ಯಾರೋ ಬಿಗಿಯಾಗಿ ಹಿಡಿದಿದ್ದರು. ಯಾರೋ ಏನು, ಅಳಿಯನೇ. ಅವನು ಅಷ್ಟಕ್ಕೇ ನಿಲ್ಲಿಸಲಿಲ್ಲ. ಇನ್ನೊಂದು ಕೈಯಿಂದ ಬಾಗಿಲ ಚೌಕಟ್ಟು ಹಿಡಿದು ಓಣಿಗೆ ಕತ್ತು ಚಾಚಿ ಒದರಿದ.

"ಆ ಬೋರ್ಡು ಮುಟ್ಟಿದ್ಯೋ, ಸುಮ್ಮನಿರಲ್ಲ ನೋಡು! ನಾನು ಬಂದು ಹೇಳೋ ತನಕ ಕೈ ಜೇಬಲ್ಲಿ ಇಟ್ಕೋ!"

ಮದುವೆಯಾಗಿ ಇಷ್ಟು ವರ್ಷಕ್ಕೆ ಮೊದಲ ಬಾರಿ ಅತ್ತೆಯನ್ನು ಏಕವಚನದಲ್ಲಿ ಗದರಿದ್ದೇನೆ ಎನ್ನುವುದು ಅವನ ತಲೆಗೆ ಹೋಗಲು ಒಂದು ಕ್ಷಣ ಹಿಡಿಯಿತು. ಹೋದ ಕೂಡಲೇ, ಕಾದ ಪಾತ್ರೆ ಮುಟ್ಟಿದವನಂತೆ ಕೈ ಹಿಂದಕ್ಕೆಳೆದುಕೊಂಡ.

"ತಪ್ಪಾಯ್ತು ಅತ್ತೆ. ಬಾಯಿ ತಪ್ಪಿ..."

"ತಪ್ಪು ಆಮೇಲೆ ಮಾತಾಡೋಣ. ಯಾಕೆ ಹಿಡಿದ್ರಿ, ಅದು ಹೇಳಿ."

"ಅದನ್ನ ಗಟ್ಟಿಯಾಗಿ ಓದಿ ಅತ್ತೆ. ಎಲ್ಲಿಂದ, ಎಲ್ಲಿಗೆ ಅಂತ."

ಆಕೆ ಓದಿದರು. "ಕಾಪಿ... ಸ್ಟಾರ್ಟಪ್..." ಅಲ್ಲಿಗೇ ನಾಲಿಗೆ ನಿಂತಿತು. ಎಂಟರ್ ಒತ್ತಿದ್ದರೆ ಬೋರ್ಡುಗಳು ಆ ಕ್ಷಣದಲ್ಲೇ ಕಪ್ಪಾಗುತ್ತಿದ್ದವು. ಆಮೇಲೆ ಅದೇ ಗಾಬರಿಯಲ್ಲಿ ಕರೆಂಟೂ ಇಳಿದಿದ್ದರೆ, ಉಳಿದದ್ದೂ ಕೈಬಿಟ್ಟು ಹೋಗುತ್ತಿತ್ತು. ಇಷ್ಟು ವರ್ಷದ ಸರ್ವೀಸಿನ ಕೊನೆಯ ತಿಂಗಳಲ್ಲಿ, ತನ್ನದೇ ಕೈಯಿಂದ!

ನಾಚಿಕೆಯೇನೋ ಆಯಿತು. ಆದರೆ ನಾಚಿಕೆ ಪಡುತ್ತ ಕೂರುವುದು ಆಕೆಯ ಪದ್ಧತಿಯಲ್ಲ. "ಥೂ, ಹಳೇ ಯಂತ್ರದ ಚಾಳಿ," ಎಂದು ತನ್ನ ಬೆರಳುಗಳನ್ನೇ ಬೈದು, ಸಾಲನ್ನು ಅಳಿಸಿದರು. ಸರಿಯಾಗಿ ಬರೆದರು. "ಕಾಪಿ, ರನ್ನಿಂಗ್, ಸ್ಟಾರ್ಟಪ್. ಓಡ್ತಿರೋದರಿಂದ ಬರೆದಿಟ್ಟದ್ದಕ್ಕೆ. ಈಗ ಒತ್ತಲಾ?"

ಹೂಂ ಬರುತ್ತದೆ ಎಂದೇ ಕಾದರು.

"ಈಗಲೂ ಬೇಡ," ಅಂದ ಅಳಿಯ.

"ಮತ್ತೇನು?"

"ಇರೋದು ಇದೊಂದೇ ಪ್ರತಿ. ಮೊದಲು ಇದರದ್ದೊಂದು ನಕಲು ಆಚೆ, ಲ್ಯಾಪ್‌ಟಾಪಿಗೆ ಬರಲಿ. ಅದು ಬಂತು ಅಂತ ತೆರೆದು ನೋಡೋಣ. ಆಮೇಲೆ ಒಳಗೆ ಸೇವ್ ಮಾಡೋಣ. ಈ ಡಬ್ಬಿ ಹಳೇದು ಅತ್ತೆ. ಎದ್ದ ಮೇಲೆ ಬರೆದಿಟ್ಟದ್ದನ್ನ ಓದ್ಲಿಲ್ಲ ಅಂದ್ರೆ ನಮ್ಮ ಕೈಯಲ್ಲೊಂದು ಇರಬೇಕು."

"ಕರೆಂಟಿನವನು ಕುಣೀತಿದಾನಲ್ಲ?"

"ಕುಣೀಲಿ."

ಕಂಪ್ಯೂಟರಮ್ಮ ಲ್ಯಾಪ್‌ಟಾಪನ್ನು ಅವನ ಕಡೆ ತಳ್ಳಿದರು. ಅವನು ಟೈಪು ಮಾಡಿದ, ತಾನೇ ಗಟ್ಟಿಯಾಗಿ ಓದಿಕೊಂಡ, ಆಕೆಯ ಕಡೆ ನೋಡಿದ. ಆಕೆ ತಲೆಯಾಡಿಸಿದ ಮೇಲೆ ಒತ್ತಿದ. ಪರದೆಯ ಮೇಲೆ ಸಾಲಾಗಿ ಚುಕ್ಕೆಗಳು ಮೂಡಿದವು. ಫೈಲು ಬಂತು. ತೆರೆದ, ಮೇಲಿಂದ ಕೆಳತನಕ ಸರಿಸಿ, ಹೊಸ ಅಂಕಣಗಳಿವೆಯೇ, ಮೈಕು ಇದೆಯೇ, ಕೌಂಟರುಗಳಿವೆಯೇ ಎಂದು ಒಂದೊಂದನ್ನೂ ಬೆರಳಿಟ್ಟು ತೋರಿಸಿದ. ಆಮೇಲೆ ಒಳಗೆ ಸೇವ್ ಮಾಡಿದ. ಮತ್ತೆ ಎರಡನ್ನೂ ಅಕ್ಕಪಕ್ಕ ಇಟ್ಟ, ಒಂದಕ್ಷರ ವ್ಯತ್ಯಾಸವಿರಲಿಲ್ಲ.

ಕರೆಂಟಿನವನು ಬಾಗಿಲಿಗೇ ಬಂದು ನಿಂತಿದ್ದ, ಕೈ ನಿಜವಾಗಿಯೂ ಜೇಬಿನಲ್ಲಿ.

"ಈಗಲಾದ್ರೂ ಇಳಿಸ್ಲಾ ಸಾರ್?"

"ದೂರದೂರಿನ ಬಸ್ಸುಗಳು ಹೊರಡಲಿ."

"ನೀವೇ ಹೂಂ ಅಂದಿದ್ರಿ..."

"ಅಂದಿದ್ದೆ. ಈಗ ಇಲ್ಲ ಅಂತಿದೀನಿ. ಹೋಗಿ ಚಹಾ ಕುಡ್ಕೊಂಡು ಬಾ."

ಅವನು ಗೊಣಗುತ್ತ ಹೋದ. "ಇವರಿಗೇನಾಯ್ತಪ್ಪ ಇವತ್ತು," ಅನ್ನುವುದು ಓಣಿಯುದ್ದಕ್ಕೂ ಕೇಳಿಸಿತು.

ಬಸ್ಸುಗಳು ಹೊರಟವು. ಕರೆಂಟು ಇಳಿಯಿತು. ಬೋರ್ಡುಗಳು ಕಪ್ಪಾದವು, ಮೈಕು ಮಲಗಿತು. ಕೌಂಟರಿನವರು ಟಿಕೆಟ್ಟನ್ನು ಕೈಯಲ್ಲೇ ಬರೆದು ಹರಿದುಕೊಟ್ಟರು. ಕತ್ತಲ ಕೋಣೆಯಲ್ಲಿ ಮೊಬೈಲಿನ ಬೆಳಕಲ್ಲಿ ಅತ್ತೆ ಅಳಿಯ ಎದುರುಬದುರು ಕೂತರು. ಕಂಪ್ಯೂಟರಮ್ಮ ಚೀಲದಿಂದ ಬನ್ನು ತೆಗೆದು ಅವನ ಕೈಗಿಟ್ಟರು, "ತಿನ್ನಿ, ಖಾಲಿ ಹೊಟ್ಟೇಲಿ ಕಿರುಚಿದ್ದೀರಿ" ಅಂದರು. ಅವನಿಗೆ ನಗಬೇಕೋ ಬೇಡವೋ ತಿಳಿಯಲಿಲ್ಲ.

ಹೊಸ ಕರೆಂಟ್ ಬೋರ್ಡು ಕೂತು ಕರೆಂಟು ಬಂದಾಗ ಸ್ವಿಚ್ಚು ದೊಡ್ಡದೊಂದು ಉಸಿರುಬಿಟ್ಟು, ಕಿತ್ತಲೆ ಬಣ್ಣದ ಒಂದೇ ದೀಪ ಹಚ್ಚಿಕೊಂಡು ಕೂತಿತು. ಈ ಪೆಟ್ಟಿಗೆಗಳು ಏಳುವುದೇ ಹಾಗೆ, ಸೋಮಾರಿ ಗಂಡಸರ ಹಾಗೆ. ಎದ್ದೆ ಎದ್ದೆ ಅನ್ನುತ್ತವೆ, ಏಳುವುದಿಲ್ಲ. ಅಳಿಯ ಲ್ಯಾಪ್‌ಟಾಪ್ ತೆರೆದು, ಹೊರಗಿನ ನಕಲನ್ನು ಸಿದ್ಧವಾಗಿ ಇಟ್ಟುಕೊಂಡ. ಕಿತ್ತಲೆ ದೀಪ ಹಸಿರಾಯಿತು. ಒಂದು ತೂತಿನ ದೀಪ ಮಿಣುಕಿತು, ಪಕ್ಕದ್ದು, ಅದರ ಪಕ್ಕದ್ದು. ನೋಡನೋಡುತ್ತಲೇ ಸಾಲಿಗೆ ಸಾಲೇ ಹಸಿರಾಯಿತು. ಹೊರಗೆ ಮೈಕು ಗಂಟಲು ಸರಿಮಾಡಿಕೊಂಡು ಯಾವುದೋ ಬಸ್ಸಿನ ಹೆಸರು ಕೂಗಿತು.

ಮ್ಯಾನೇಜರು ಸಂಜೆಗೂ ಕಾಯಲಿಲ್ಲ. ಬೋರ್ಡುಗಳು ಬಂದದ್ದೇ ತಡ, ಕೋಣೆಯ ಬಾಗಿಲಲ್ಲಿ ಬಗ್ಗಿದರು.

"ಒಂದು ತೊಡಕೂ ಆಗ್ಲಿಲ್ಲವಲ್ಲಮ್ಮಾ! ಹೆಸರು ಯೋಚಿಸಿದ್ರಾ?"

"ಯೋಚಿಸೋದೇನು," ಅಂದರು ಕಂಪ್ಯೂಟರಮ್ಮ, "ಇವರೇ. ತೊಡಕು ಆಗೋದ್ರಲ್ಲಿತ್ತು, ನನ್ನ ಕೈಯಿಂದ. ಕೈ ಹಿಡಿದು ನಿಲ್ಲಿಸಿದ್ದು ಇವರು. ಸೇವ್ ಮಾಡದೆ ರಾಶಿ ಹಾಕಿದ್ದೂ ಇವರೇ, ಅದನ್ನೂ ಹೇಳ್ತಿದೀನಿ. ಎರಡೂ ಕೇಳಿ ಆಮೇಲೆ ತೀರ್ಮಾನ ಮಾಡಿ."

ಮ್ಯಾನೇಜರು ಅಳಿಯನನ್ನು ಮೇಲಿಂದ ಕೆಳಗೆ ನೋಡಿ ನಕ್ಕರು. "ಅತ್ತೆಯ ಕೈ ಹಿಡಿದ್ರಾ? ನಂಗೇ ಆ ಧೈರ್ಯ ಇಲ್ಲ. ಆಯ್ತು, ಕೋಣೆ ನಿಮ್ದು. ಹಾಗೇ ಇನ್ನೊಂದು: ಕೊನೇ ಕೌಂಟರನ್ನ ಆ ಕಡೆ ಗೋಡೆಗೆ ಹಾಕಿಸ್ಬೇಕು. ಇವತ್ತು ಸಂಜೆಯೊಳಗೆ ವೈರು ಬದಲಾಯಿಸಿಬಿಡ್ತೀರಲ್ಲ?"

ಕೋಣೆ ಆಗ ತಾನೇ ಕೈಗೆ ಬಂದಿತ್ತು. ಕೊಟ್ಟವರು ಎದುರಿಗೇ ನಿಂತಿದ್ದರು. ಅಳಿಯನ ತುಟಿ ಅಭ್ಯಾಸದ ಆಕಾರಕ್ಕೆ ತಿರುಗಿದ್ದನ್ನು ಕಂಪ್ಯೂಟರಮ್ಮ ಕಂಡರು, ಚೆನ್ನಾಗಿಯೇ ಕಂಡರು.

"ಇವತ್ತು ಆಗಲ್ಲ ಸಾರ್," ಅಂದ ಅವನು. "ಈಗಷ್ಟೇ ಎದ್ದಿದೆ. ನಾಳೆ ತನಕ ಹೀಗೇ ಓಡಲಿ. ನಾಡಿದ್ದು ಮಾಡ್ತೀನಿ, ಮಾಡಿ ಸೇವ್ ಮಾಡಿ ಆಮೇಲೆ ನಿಮಗೆ ಹೇಳ್ತೀನಿ."

ಮ್ಯಾನೇಜರು ಕಂಪ್ಯೂಟರಮ್ಮನ ಕಡೆ ತಿರುಗಿದರು. "ಏನಮ್ಮಾ ಇದು? ನೀವಾದ್ರೂ ಒಂದು ಮಾತು ಹೇಳಿ."

"ನನ್ನನ್ನೇನು ಕೇಳ್ತೀರಿ ಸಾರ್?" ಅಂದರು ಆಕೆ, ಸ್ಟೂಲು ಬಿಟ್ಟು ಸೊಂಟ ಹಿಡಿದು ಏಳುತ್ತ. "ಇವತ್ತು ಅವರು ನಂಗೇ ಗದರಿದ್ದಾರೆ."

ಮ್ಯಾನೇಜರು ಹೋದ ಮೇಲೆ ಆಕೆ ಮಗಳಿಗೆ ಫೋನು ಮಾಡಿದರು. ಅಳಿಯ ಬೇಡ ಬೇಡವೆಂದು ಕೈ ಆಡಿಸುತ್ತಿದ್ದ. ಆಕೆ ನೋಡಿಯೂ ನೋಡದಂತೆ ನಡೆದದ್ದನ್ನೆಲ್ಲ ಉಪ್ಪುಖಾರ ಹಚ್ಚಿ ಹೇಳಿದರು.

"ಕೈ ತೆಗಿ ಅಂದ್ರಾ? ನಿಂಗಾ?" ಮಗಳ ದನಿ ಫೋನಿನಿಂದಾಚೆಗೂ ಕೇಳಿಸುತ್ತಿತ್ತು. "ಅಯ್ಯೋ ಅಮ್ಮಾ! ನಂಗೇ ಒಂದು ದಿನ ಹಾಗೆ ಅಂದಿಲ್ಲ!"

"ಅನ್ನಿಸ್ಕೊಳ್ಳೋಕೆ ನಿಂಗೆ ಇಷ್ಟ ಆಗಲ್ಲ ಕಣೇ, ಸುಮ್ನಿರು," ಅಂದರು ಕಂಪ್ಯೂಟರಮ್ಮ. "ನಂಗೂ ಆಗ್ಲಿಲ್ಲ. ಆದ್ರೆ ಕೋಣೆಗೆ ಬೇಕಾಗಿದ್ದು ಅದೇ."